ಮೌನವಾದ ಕೀಲಿಗಳು

ಚಿತ್ರದುರ್ಗದ ಸಮೀಪದ ಜೋಗಿಮಟ್ಟಿಯನ್ನು ಏರಿದವರನ್ನು ಮೊದಲು ಎದುರುಗೊಳ್ಳುವುದು ಗಾಳಿ. ಆಷಾಢ ಮಾಸದಲ್ಲಂತೂ ಅದರ ರಭಸ ಹೇಳತೀರದು. ಈ ಗಾಳಿಯ ಬಲವನ್ನು ಅರಿತೇ ಚಿತ್ರದುರ್ಗದ ಸುತ್ತಲಿನ ಬೆಟ್ಟಸಾಲುಗಳ ನೆತ್ತಿಯಲ್ಲಿ ಗಾಳಿಯಂತ್ರಗಳನ್ನು ನಿಲ್ಲಿಸಿದ್ದಾರೆ. ಅವು ತಿರುಗಿ ವಿದ್ಯುತ್ತನ್ನು ಉತ್ಪಾದಿಸುತ್ತವೆ. ಅದೇ ಗಾಳಿ ಬಯಲಿಗೆ ಇಳಿದಾಗ ಮಣ್ಣಿನ ನುಣ್ಣನೆಯ ಧೂಳನ್ನು ಹೊತ್ತು ತಂದು ಮನೆಯ ಅಟ್ಟಕ್ಕೂ ಶಾಲೆಯ ಬೀರುವಿಗೂ ಗೋಡೆಯ ಗಡಿಯಾರದ ಒಳಕ್ಕೂ ಸೇರಿಸುತ್ತದೆ. ಬೆಟ್ಟದ ಮೇಲೆ ವಿದ್ಯುತ್ತನ್ನು ಹುಟ್ಟಿಸುವ ಗಾಳಿಯೇ ಊರೊಳಗೆ ವಿದ್ಯುತ್ತಿನ ಹಾದಿಗೆ ಅಡ್ಡಿಯನ್ನೂ ಒಡ್ಡುತ್ತದೆ.

ಜೋಗಿಮಟ್ಟಿಯ ಕೆಳಗಿನ ಯಾವುದೋ ಒಂದು ಶಾಲೆಯ ಬೀರುವಿನಲ್ಲಿ ಹಳೆಯ ಕಂಪ್ಯೂಟರೊಂದು ಉಳಿದುಕೊಂಡಿದೆಯೆಂದು ಭಾವಿಸೋಣ. ಬಟ್ಟೆ ಸುತ್ತಿ ಇಟ್ಟಿದ್ದರೂ ಧೂಳು ಅದರ ಒಳಹೊಕ್ಕಿದೆ. ಅದನ್ನು ಹೊರತೆಗೆದು ಚಾಲೂ ಮಾಡಿದರೆ ಚಿಕ್ಕದೊಂದು ಸದ್ದು ಕೇಳುತ್ತದೆ. ಪರದೆಯ ಮೇಲೆ ಅದರ ಹೆಸರೂ ಮೂಡುತ್ತದೆ. ಆದರೆ ಕೆಲವು ಕೀಲಿಗಳನ್ನು ಎಷ್ಟು ಒತ್ತಿದರೂ ಅಕ್ಷರ ಮಾತ್ರ ಕಾಣಿಸದು. ನೋಡಿದವರು, “ಕೀಲಿಗಳೇ ಕೆಲಸ ಮಾಡದ ಮೇಲೆ ಇನ್ನೇನಿದೆ? ಗುಜರಿಗೆ ಹಾಕಿಬಿಡಿ” ಎನ್ನುತ್ತಾರೆ. ಈ ತೀರ್ಪು ಸರಿಯೇ? ತೀರ್ಪಿಗೆ ಮುನ್ನ ವಿಚಾರಣೆ ನಡೆಯಬೇಕಲ್ಲವೇ? ಆ ವಿಚಾರಣೆ ಹೇಗೆ ನಡೆಯಬೇಕೆಂಬುದೇ ಈ ಪಾಠದ ವಿಷಯ.

ಮೊದಲು ಯಂತ್ರದ ಪರಿಚಯ ಮಾಡಿಕೊಳ್ಳೋಣ. 1970ರ ದಶಕದ ಮಧ್ಯಭಾಗದವರೆಗೆ ಕಂಪ್ಯೂಟರು ಎಂದರೆ ಹೆಚ್ಚಾಗಿ ದೊಡ್ಡ ಕಚೇರಿಗಳಲ್ಲಿ, ಸಂಶೋಧನಾಲಯಗಳಲ್ಲಿ ಕಾಣುವ ವಸ್ತುವಾಗಿತ್ತು. ಅನಂತರ ಮನೆಯ ಮೇಜಿನ ಮೇಲೆ ಇಡಬಹುದಾದ, ಮನೆಯ ಟೆಲಿವಿಷನ್ನಿಗೇ ಜೋಡಿಸಿಕೊಳ್ಳಬಹುದಾದ ಚಿಕ್ಕ ಕಂಪ್ಯೂಟರುಗಳು ಬಂದವು. ಅವುಗಳಲ್ಲಿ ಒಂದು ಬಿಬಿಸಿ ಮೈಕ್ರೊ. ಇಂಗ್ಲೆಂಡಿನ ಕೇಂಬ್ರಿಜ್ ನಗರದ ಏಕಾರ್ನ್ ಸಂಸ್ಥೆ ಇದನ್ನು ಬ್ರಿಟಿಷ್ ಪ್ರಸಾರ ಸಂಸ್ಥೆಯ ಶಿಕ್ಷಣ ಯೋಜನೆಗಾಗಿ ರೂಪಿಸಿ 1981ರ ಡಿಸೆಂಬರಿನಲ್ಲಿ ಹೊರತಂದಿತು. 1984–85ರಲ್ಲಿ ಭಾರತ ಸರ್ಕಾರವು ಶಾಲೆಗಳಲ್ಲಿ ಕಂಪ್ಯೂಟರಿನ ಪರಿಚಯ ಮಾಡಿಸಲು ‘ಕ್ಲಾಸ್’ ಎಂಬ ಯೋಜನೆಯನ್ನು ಆರಂಭಿಸಿದಾಗ ಆರಿಸಿಕೊಂಡದ್ದು ಇದೇ ಯಂತ್ರವನ್ನು. ನಮ್ಮ ದೇಶದ ಒಂದು ಪೀಳಿಗೆಯ ಹಲವು ಶಾಲಾಮಕ್ಕಳು ಮೊತ್ತಮೊದಲಿಗೆ ಬೆರಳಿಟ್ಟದ್ದು ಇದರ ಕೀಲಿಗಳ ಮೇಲೆ.

ಇಂದಿನ ಲೆಕ್ಕದಲ್ಲಿ ಅದರ ಶಕ್ತಿ ಬಹಳ ಕಡಿಮೆ. ಅದರ ‘ಮಾಡೆಲ್ ಬಿ’ ಎಂಬ ರೂಪದಲ್ಲಿದ್ದ ಸ್ಮೃತಿ 32 ಕಿಲೋಬೈಟುಗಳಷ್ಟು. ನೀವು ಓದುತ್ತಿರುವ ಈ ಪಾಠವನ್ನು ಇಂದಿನ ಕ್ರಮದಲ್ಲಿ ಸಂಗ್ರಹಿಸಿದರೆ ಅದರಲ್ಲಿ ಹಿಡಿಸಲಾರದು. ಆದರೆ ಅದಕ್ಕೊಂದು ದೊಡ್ಡ ಗುಣವಿದೆ. ಅದರ ಒಳಗನ್ನು ಕಣ್ಣಿನಿಂದ ನೋಡಿ, ಬೆರಳಿನಿಂದ ಮುಟ್ಟಿ, ಬುದ್ಧಿಯಿಂದ ಅರಿಯಬಹುದು. ಈ ಯಂತ್ರಗಳನ್ನು ಈಗ ಯಾವ ಕಾರ್ಖಾನೆಯೂ ತಯಾರಿಸುತ್ತಿಲ್ಲ. ಆದಕಾರಣ ಉಳಿದಿರುವ ಒಂದೊಂದನ್ನೂ ಕೆಡಿಸದಂತೆ ಕೈಹಾಕುವುದು ನಮ್ಮ ಹೊಣೆ.

ಕೀಲಿಮಣೆಯಲ್ಲಿ ಎಪ್ಪತ್ತಕ್ಕೂ ಹೆಚ್ಚು ಕೀಲಿಗಳಿವೆ. ಪ್ರತಿಯೊಂದು ಕೀಲಿಯೂ ಒಂದು ಸ್ವಿಚ್ಚು. ಒತ್ತಿದಾಗ ಎರಡು ಲೋಹದ ತುದಿಗಳು ಕೂಡುತ್ತವೆ, ಬಿಟ್ಟಾಗ ಅಗಲುತ್ತವೆ. ಒಂದೊಂದು ಕೀಲಿಯಿಂದಲೂ ಪ್ರತ್ಯೇಕ ತಂತಿಯನ್ನು ಎಳೆಯುತ್ತ ಹೋದರೆ ತಂತಿಗಳ ಕಾಡೇ ಬೆಳೆಯುತ್ತದೆ. ಇದನ್ನು ತಪ್ಪಿಸಲು ಒಂದು ಜಾಣ ಉಪಾಯವನ್ನು ಮಾಡಿದ್ದಾರೆ. ಗಣಿತದಲ್ಲಿ ನೀವು ಅಡ್ಡಸಾಲು ಮತ್ತು ಕಂಬಸಾಲುಗಳ ಕೋಷ್ಟಕವನ್ನು ಕಂಡಿದ್ದೀರಿ. ಕೀಲಿಮಣೆಯ ಒಳಗೂ ಅಂಥದೇ ಒಂದು ಕೋಷ್ಟಕವಿದೆ. ಬಿಬಿಸಿ ಮೈಕ್ರೊದಲ್ಲಿ ಹತ್ತು ಕಂಬಸಾಲುಗಳೂ ಎಂಟು ಅಡ್ಡಸಾಲುಗಳೂ ಇವೆ. ಕೇವಲ ಹದಿನೆಂಟು ಗೆರೆಗಳಿಂದ ಎಂಬತ್ತು ಸಂಧಿಗಳು ದೊರೆಯುತ್ತವೆ. ಹೆಚ್ಚಿನ ಸಂಧಿಗಳಲ್ಲಿ ಒಂದೊಂದು ಕೀಲಿ. ಕೀಲಿಯನ್ನು ಒತ್ತಿದಾಗ ಆ ಸಂಧಿಯ ಅಡ್ಡಗೆರೆಗೂ ಕಂಬಗೆರೆಗೂ ಸಂಪರ್ಕ ಏರ್ಪಡುತ್ತದೆ.

ತರಗತಿಯಲ್ಲಿ ಉಪಾಧ್ಯಾಯರು ಹೆಸರು ಹಿಡಿಯದೆ “ನಾಲ್ಕನೆಯ ಸಾಲಿನ ಎರಡನೆಯವನು ಎದ್ದು ನಿಲ್ಲು” ಎಂದರೂ ಒಬ್ಬನೇ ವಿದ್ಯಾರ್ಥಿ ಏಳುತ್ತಾನೆ. ಕಂಪ್ಯೂಟರು ಕೀಲಿಗಳನ್ನು ಗುರುತಿಸುವ ಕ್ರಮವೂ ಹೀಗೆಯೇ. ಕೀಲಿಮಣೆಯ ಮೇಲಿರುವ ಪುಟ್ಟ ವಿದ್ಯುನ್ಮಂಡಲವೊಂದು ಕಂಬಸಾಲುಗಳನ್ನು ಸೊನ್ನೆಯಿಂದ ಒಂಬತ್ತರವರೆಗೆ ಸೆಕೆಂಡಿಗೆ ಸಾವಿರಾರು ಬಾರಿ ಒಂದಾದ ಮೇಲೊಂದರಂತೆ ವಿಚಾರಿಸುತ್ತ ಇರುತ್ತದೆ. ಎಲ್ಲಿಯಾದರೂ ಸಂಪರ್ಕ ಕಂಡರೆ ಮುಖ್ಯ ಸಂಸ್ಕಾರಕಕ್ಕೆ ಸೂಚನೆ ಹೋಗುತ್ತದೆ. ಸಂಸ್ಕಾರಕವು ತನ್ನ ಕೆಲಸವನ್ನು ಕ್ಷಣಕಾಲ ನಿಲ್ಲಿಸಿ, ಯಾವ ಕಂಬಸಾಲು, ಯಾವ ಅಡ್ಡಸಾಲು ಎಂದು ಪರೀಕ್ಷಿಸಿ ಅಕ್ಷರವನ್ನು ನಿರ್ಣಯಿಸುತ್ತದೆ. ಉದಾಹರಣೆಗೆ, ‘ಎ’ ಎಂಬ ಕೀಲಿಯ ವಿಳಾಸ ಅಡ್ಡಸಾಲು 4, ಕಂಬಸಾಲು 1.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಕೀಲಿಮಣೆಯ ಮೇಲೆ ಪಕ್ಕಪಕ್ಕದಲ್ಲಿರುವ ಕೀಲಿಗಳು ಕೋಷ್ಟಕದಲ್ಲಿ ನೆರೆಯವರಾಗಿರಬೇಕಾಗಿಲ್ಲ. ಕೋಷ್ಟಕದಲ್ಲಿ ಒಂದೇ ಸಾಲಿಗೆ ಸೇರಿದವು ಮಣೆಯ ಮೇಲೆ ದೂರದೂರ ಇರಬಹುದು. ‘ಎ’ ಇರುವ ನಾಲ್ಕನೆಯ ಅಡ್ಡಸಾಲಿನಲ್ಲಿಯೇ ‘ಎಕ್ಸ್’, ‘ಎಫ್’, ‘ವೈ’, ‘ಜೆ’, ‘ಕೆ’ ಕೀಲಿಗಳೂ ಬಲತುದಿಯ ‘ರಿಟರ್ನ್’ ಕೀಲಿಯೂ ಸೇರಿವೆ. ಆದ್ದರಿಂದ ದೋಷವನ್ನು ಹುಡುಕುವವನು ಕಣ್ಣಿಗೆ ಕಾಣುವ ನೆರೆಹೊರೆಯನ್ನು ಮಾತ್ರವಲ್ಲದೆ ಕೋಷ್ಟಕದ ನೆರೆಹೊರೆಯನ್ನೂ ಬಲ್ಲವನಾಗಿರಬೇಕು.

ದೋಷವನ್ನು ಹುಡುಕುವ ಈ ಬಗೆ ನಮ್ಮ ನಾಡಿಗೆ ಹೊಸದೇನಲ್ಲ. ಹಿರಿಯೂರು ತಾಲ್ಲೂಕಿನಲ್ಲಿ ವೇದಾವತಿ ನದಿಗೆ ಅಡ್ಡಲಾಗಿ ಕಟ್ಟಿ 1907ರಲ್ಲಿ ಮುಗಿಸಿದ ವಾಣಿವಿಲಾಸ ಸಾಗರದ ಕಾಲುವೆಗಳನ್ನು ನೀವು ನೋಡಿರಬಹುದು. ಅಥವಾ ನಿಮ್ಮ ಊರ ಕೆರೆಯ ಕೆಳಗಿನ ಗದ್ದೆಗಳನ್ನು ಬಲ್ಲಿರಿ. ಗದ್ದೆಗೆ ನೀರು ಬರಲಿಲ್ಲವೆಂದು ದೂರು ಬಂದಾಗ ಅನುಭವಸ್ಥನಾದ ನೀರುಗಂಟಿ ಏನು ಮಾಡುತ್ತಾನೆ? ಗುದ್ದಲಿ ಹಿಡಿದು ಕಂಡಕಂಡಲ್ಲಿ ಅಗೆಯುವುದಿಲ್ಲ. ಮೊದಲು, “ಯಾರ ಯಾರ ಗದ್ದೆಗೆ ಬಂದಿಲ್ಲ?” ಎಂದು ಕೇಳುತ್ತಾನೆ. ಒಂದೇ ಗದ್ದೆ ಒಣಗಿದ್ದರೆ ಆ ಗದ್ದೆಯ ಬಾಯಿ ಕಟ್ಟಿಕೊಂಡಿದೆ. ಒಂದು ಕವಲುಗಾಲುವೆಯ ಗದ್ದೆಗಳೆಲ್ಲ ಒಣಗಿದ್ದರೆ ಆ ಕವಲಿನಲ್ಲಿಯೇ ಎಲ್ಲೋ ಒಡಕಿದೆ. ಊರಿನ ಗದ್ದೆಗಳೆಲ್ಲ ಒಣಗಿದ್ದರೆ ತೂಬನ್ನೇ ನೋಡಬೇಕು. ಒಡಕು ಕವಲಿನಲ್ಲಿದೆಯೆಂದು ತಿಳಿದ ಮೇಲೆ ಕವಲಿನ ನಡುಭಾಗಕ್ಕೆ ಹೋಗಿ ನಿಲ್ಲುತ್ತಾನೆ. ಅಲ್ಲಿ ನೀರಿದ್ದರೆ ಒಡಕು ಕೆಳಗೆ, ಇಲ್ಲದಿದ್ದರೆ ಮೇಲೆ. ಹೀಗೆ ಹಾದಿಯನ್ನು ಅರ್ಧ ಅರ್ಧವಾಗಿ ಕಿರಿದುಗೊಳಿಸುತ್ತ ಕೊನೆಗೆ ಒಂದು ಗುದ್ದಲಿ ಮಣ್ಣಿನಲ್ಲಿ ಕೆಲಸವನ್ನು ಮುಗಿಸುತ್ತಾನೆ. ಕೀಲಿಮಣೆಯ ದುರಸ್ತಿಯಲ್ಲಿಯೂ ಕೇಳಬೇಕಾದ ಪ್ರಶ್ನೆಗಳು ಇವೇ.

ಕೆಲಸಕ್ಕೆ ಕೈಹಾಕುವ ಮೊದಲು ಎರಡು ಎಚ್ಚರಿಕೆಗಳನ್ನು ನೆನಪಿಡಬೇಕು. ಒಂದು, ಜೀವದ ರಕ್ಷಣೆ. ಕೀಲಿಗಳಲ್ಲಿ ಹರಿಯುವುದು 5 ವೋಲ್ಟಿನ ವಿದ್ಯುತ್ತು, ಅದರಿಂದ ಅಪಾಯವಿಲ್ಲ. ಆದರೆ ಅದೇ ಪೆಟ್ಟಿಗೆಯೊಳಗೆ ಗೋಡೆಯ ಪ್ಲಗ್ಗಿನಿಂದ 230 ವೋಲ್ಟಿನ ವಿದ್ಯುತ್ತು ಬಂದು ಸೇರುವ ಭಾಗವೂ ಇದೆ. ವಯಸ್ಸಾದ ಯಂತ್ರಗಳಲ್ಲಿ ಆ ಭಾಗದ ಕೆಪಾಸಿಟರುಗಳು ಬಿರುಕುಬಿಟ್ಟು, ಚಾಲೂ ಮಾಡಿದಾಗ ಸಿಡಿದು ಹೊಗೆಯಾಡುವುದುಂಟು. ಆದ್ದರಿಂದ ಬಹುಕಾಲ ಮೂಲೆಗೆ ಬಿದ್ದಿದ್ದ ಯಂತ್ರವನ್ನು ಬಲ್ಲವರಿಗೆ ತೋರಿಸದೆ ಚಾಲೂ ಮಾಡಬಾರದು. ಪ್ಲಗ್ಗನ್ನು ಕಿತ್ತು ಪಕ್ಕಕ್ಕಿಡದೆ ಪೆಟ್ಟಿಗೆಯನ್ನು ತೆರೆಯಬಾರದು. ವಿದ್ಯುತ್ ಪೂರೈಕೆಯ ಭಾಗವನ್ನು ವಿದ್ಯಾರ್ಥಿಗಳು ಎಂದೂ ಮುಟ್ಟಬಾರದು. ಎರಡು, ಯಂತ್ರದ ರಕ್ಷಣೆ. ಚಳಿಗಾಲದ ಒಣಹವೆಯಲ್ಲಿ ಉಣ್ಣೆಯ ಕಂಬಳಿಯನ್ನು ಕೊಡವಿದಾಗ ಚಟಪಟ ಸದ್ದಾಗುವುದನ್ನು ನೀವು ಕೇಳಿದ್ದೀರಿ. ಅದು ಸ್ಥಾಯಿ ವಿದ್ಯುತ್ತು. ನಮಗೆ ಅದು ಆಟ. ಕಂಪ್ಯೂಟರಿನ ಸೂಕ್ಷ್ಮವಾದ ಚಿಪ್ಪುಗಳಿಗೆ ಮರಣಾಂತಿಕವಾಗಬಹುದು. ಆದಕಾರಣ ಕೆಲಸಕ್ಕೆ ಮರದ ಮೇಜಾಗಲಿ ಹತ್ತಿಬಟ್ಟೆ ಹಾಸಿದ ನೆಲವಾಗಲಿ ಇರಲಿ, ಕಂಬಳಿ ಬೇಡ.

ಈಗ ವಿಚಾರಣೆ ಆರಂಭವಾಗಲಿ. ಪರಿಶೀಲಿಸಿದ ಯಂತ್ರವನ್ನು ಉಪಾಧ್ಯಾಯರ ಸಮ್ಮುಖದಲ್ಲಿ ಚಾಲೂ ಮಾಡಿ, ಒಂದು ಹಾಳೆಯ ಮೇಲೆ ಕೀಲಿಮಣೆಯ ಚಿತ್ರವನ್ನು ಬರೆದುಕೊಂಡು, ಒಂದೊಂದೇ ಕೀಲಿಯನ್ನು ಒತ್ತುತ್ತ ಹೋಗಬೇಕು. ಒತ್ತಿದಾಗಲೆಲ್ಲ ಮೂಡುವ ಕೀಲಿ ಯಾವುದು, ಒಮ್ಮೆ ಮೂಡಿ ಒಮ್ಮೆ ಮೂಡದಿರುವುದು ಯಾವುದು, ಒಮ್ಮೆ ಒತ್ತಿದರೆ ಎರಡೆರಡು ಅಕ್ಷರ ಕೊಡುವುದು ಯಾವುದು, ಪೂರ್ತಿ ಮೌನವಾಗಿರುವುದು ಯಾವುದು ಎಂದು ಬೇರೆ ಬೇರೆ ಗುರುತು ಮಾಡಬೇಕು. ಕೆಲವು ಕೀಲಿಗಳು ತಾವಾಗಿ ಅಕ್ಷರವನ್ನು ಮೂಡಿಸುವುದಿಲ್ಲ. ಅವುಗಳನ್ನು ಉಪಾಯದಿಂದ ಪರೀಕ್ಷಿಸಬೇಕು. ‘ಕಂಟ್ರೋಲ್’ ಕೀಲಿಯನ್ನು ಒತ್ತಿಹಿಡಿದು ‘ಜಿ’ಯನ್ನು ಒತ್ತಿದರೆ ಯಂತ್ರ ‘ಬೀಪ್’ ಎನ್ನಬೇಕು. ಎನ್ನದಿದ್ದರೆ, ‘ಜಿ’ ಸರಿಯಿರುವಾಗ, ‘ಕಂಟ್ರೋಲ್’ ಮೌನವಾಗಿದೆ ಎಂದರ್ಥ. ‘ಬ್ರೇಕ್’ ಎಂಬ ಕೀಲಿ ಈ ಕೋಷ್ಟಕಕ್ಕೆ ಸೇರಿದ್ದೇ ಅಲ್ಲ. ಅದು ನೇರವಾಗಿ ಯಂತ್ರವನ್ನು ಮೊದಲಿನಿಂದ ಆರಂಭಿಸುತ್ತದೆ. ಆದ್ದರಿಂದ ಅದು ಕೆಲಸ ಮಾಡಿತೆಂದು ಕೋಷ್ಟಕ ಸರಿಯಿದೆಯೆಂದು ಹೇಳುವಂತಿಲ್ಲ.

ನಮ್ಮ ಕಲ್ಪನೆಯ ಯಂತ್ರದ ಹಾಳೆಯಲ್ಲಿ ಮೌನವಾದ ಕೀಲಿಗಳು ಎಂಟು ಎಂದಿಟ್ಟುಕೊಳ್ಳೋಣ: ‘2’, ‘3’, ‘ಡಬ್ಲ್ಯೂ’, ‘ಎ’, ‘ಎಸ್’, ‘ಝಡ್’, ‘ಕಂಟ್ರೋಲ್’ ಮತ್ತು ‘ಎಫ್ 1’. ಇವೆಲ್ಲವೂ ಮಣೆಯ ಎಡಭಾಗದಲ್ಲಿಯೇ ಇವೆ. ನೋಡಿದೊಡನೆ, “ಯಾರೋ ಇಲ್ಲಿ ಚಹಾ ಚೆಲ್ಲಿರಬೇಕು” ಎಂಬ ಊಹೆ ಹುಟ್ಟುತ್ತದೆ. ಆದರೆ ಊಹೆಯನ್ನು ಪ್ರಶ್ನಿಸಬೇಕು. ‘ಡಬ್ಲ್ಯೂ’ಗೂ ‘ಎ’ಗೂ ತಾಗಿಕೊಂಡೇ ಇರುವ ‘ಕ್ಯೂ’ ಚೆನ್ನಾಗಿ ಕೆಲಸ ಮಾಡುತ್ತಿದೆ. ‘ಝಡ್’ನ ಪಕ್ಕದ ‘ಎಕ್ಸ್’ಗೂ ‘ಎಸ್’ನ ಪಕ್ಕದ ‘ಡಿ’ಗೂ ತೊಂದರೆಯಿಲ್ಲ. ಚೆಲ್ಲಿದ ಚಹಾ ‘ಕ್ಯೂ’ ಒಂದನ್ನು ಬಿಟ್ಟು ಸುತ್ತಲಿನವನ್ನು ಮಾತ್ರ ತೋಯಿಸಲಾರದು. ಈಗ ಕೋಷ್ಟಕವನ್ನು ನೋಡಿದರೆ ಗುಟ್ಟು ಬಯಲಾಗುತ್ತದೆ. ಈ ಎಂಟೂ ಕೀಲಿಗಳು ಕಂಬಸಾಲು 1ಕ್ಕೆ ಸೇರಿದವು! ಕೆಟ್ಟಿರುವುದು ಎಂಟು ಕೀಲಿಗಳಲ್ಲ, ಒಂದು ಗೆರೆ. ಒಣಗಿರುವುದು ಎಂಟು ಗದ್ದೆಗಳಾದರೂ ಒಡಕು ಕವಲುಗಾಲುವೆಯಲ್ಲಿ ಒಂದೇ.

ಇದುವರೆಗೆ ಒಂದು ತಿರುಪನ್ನೂ ಬಿಚ್ಚಿಲ್ಲವೆಂಬುದನ್ನು ಗಮನಿಸಿರಿ. ಕಾಗದ, ಪೆನ್ಸಿಲು ಮತ್ತು ವಿಚಾರದಿಂದಲೇ ಎಂಬತ್ತು ಸಂಧಿಗಳ ಜಾಲದಲ್ಲಿ ದೋಷವನ್ನು ಒಂದು ಗೆರೆಗೆ ತಂದು ನಿಲ್ಲಿಸಿದ್ದಾಯಿತು. ಪೆಟ್ಟಿಗೆಯನ್ನು ತೆರೆಯುವುದು ಈಗ.

ಪ್ಲಗ್ಗನ್ನು ಕಿತ್ತ ಮೇಲೆ ತಿರುಪುಗಳನ್ನು ಬಿಚ್ಚಿ ಮೇಲುಮುಚ್ಚಳವನ್ನು ತೆಗೆಯಬೇಕು. ಬಿಚ್ಚಿದ ತಿರುಪುಗಳನ್ನು ತೆಗೆದ ಕ್ರಮದಲ್ಲಿಯೇ ಒಂದು ಬಟ್ಟಲಲ್ಲಿಯೋ ಕಾಗದದ ಮೇಲೆಯೋ ಜೋಡಿಸಿಡುವುದು ಒಳ್ಳೆಯ ಅಭ್ಯಾಸ. ಕೀಲಿಮಣೆಯಿಂದ ಮುಖ್ಯಫಲಕಕ್ಕೆ ಪಟ್ಟಿಯಂತೆ ಚಪ್ಪಟೆಯಾದ ಒಂದು ತಂತಿಗೊಂಚಲು ಹೋಗುತ್ತದೆ. ಇದರ ತುದಿ ಸಡಿಲಗೊಂಡಿರುವುದೂ ಕಿಲುಬು ಹಿಡಿದಿರುವುದೂ ಸಾಮಾನ್ಯ. ಆದರೆ ನಮ್ಮ ಯಂತ್ರದ ದೋಷ ಅಲ್ಲಿರುವ ಸಂಭವ ಕಡಿಮೆ. ಕಾರಣವೇನೆಂದರೆ, ಆ ಗೊಂಚಲಿನಲ್ಲಿ ಹತ್ತು ಕಂಬಸಾಲುಗಳಿಗೆ ಹತ್ತು ತಂತಿಗಳಿಲ್ಲ. ಸಾಲಿನ ಸಂಖ್ಯೆ ದ್ವಿಮಾನ ಪದ್ಧತಿಯಲ್ಲಿ ನಾಲ್ಕು ತಂತಿಗಳ ಮೂಲಕ ಬರುತ್ತದೆ. ಕೀಲಿಮಣೆಯ ಮೇಲಿರುವ ಡಿಕೋಡರ್ ಎಂಬ ಚಿಪ್ಪು ಅದನ್ನು ಬಿಡಿಸಿ ಹತ್ತು ಗೆರೆಗಳಲ್ಲಿ ಒಂದನ್ನು ಎಚ್ಚರಿಸುತ್ತದೆ. ಗೊಂಚಲಿನ ತಂತಿಯೊಂದು ಕಡಿದಿದ್ದರೆ ಹಲವು ಸಾಲುಗಳು ಒಟ್ಟಿಗೆ ಗೊಂದಲಕ್ಕೀಡಾಗುತ್ತಿದ್ದವು. ಒಂದೇ ಕಂಬಸಾಲು ಮೌನವಾಗಿರುವುದರಿಂದ ದೋಷ ಡಿಕೋಡರಿನಿಂದ ಕೀಲಿಗಳಿಗೆ ಹೋಗುವ ಹಾದಿಯಲ್ಲಿಯೇ ಇರಬೇಕು.

ಇಲ್ಲಿ ನೀರುಗಂಟಿಯ ಕೋಲಿನಂತೆ ನಮಗೆ ನೆರವಾಗುವುದು ಮಲ್ಟಿಮೀಟರ್. ಅದನ್ನು ರೋಧವನ್ನು ಅಳೆಯುವ ಸ್ಥಾನಕ್ಕೆ ತಿರುಗಿಸಿ ಎರಡು ಬಿಂದುಗಳಿಗೆ ಮುಟ್ಟಿಸಿದರೆ, ನಡುವಿನ ಹಾದಿ ಅಖಂಡವಾಗಿದ್ದಾಗ ಸೊನ್ನೆಗೆ ಸಮೀಪದ ಸಂಖ್ಯೆಯನ್ನು ತೋರಿಸುತ್ತದೆ. ಹಾದಿ ಕಡಿದಿದ್ದರೆ ಅನಂತ ರೋಧವನ್ನು ಸೂಚಿಸುತ್ತದೆ. ಯಂತ್ರದಲ್ಲಿ ವಿದ್ಯುತ್ತು ಇರದಾಗ ಮಾತ್ರ ಹೀಗೆ ಅಳೆಯಬೇಕು. ಮಣೆಯ ಹಿಂಬದಿಯಲ್ಲಿ ‘ಎ’ ಮತ್ತು ‘ಝಡ್’ ಕೀಲಿಗಳ ಕಂಬಗೆರೆಯ ಬಿಂದುಗಳ ನಡುವೆ ಅಳೆದರೆ ಸೊನ್ನೆ; ಗೆರೆಯ ಆ ಭಾಗ ಸರಿಯಿದೆ. ಗೆರೆಯ ಆರಂಭಕ್ಕೂ ಡಿಕೋಡರಿನ ಕಾಲಿಗೂ ನಡುವೆ ಅಳೆದರೆ ಅನಂತ! ಭೂತಗನ್ನಡಿಯಿಂದ ನೋಡಿದಾಗ, ಚಿಪ್ಪಿನ ಆ ಕಾಲನ್ನು ಫಲಕಕ್ಕೆ ಹಿಡಿದಿರುವ ಬೆಸುಗೆಯ ಸುತ್ತ ಕೂದಲೆಳೆಯಷ್ಟು ತೆಳುವಾದ ಬಿರುಕು ಕಾಣುತ್ತದೆ. ಕಾಯುವುದು, ತಣಿಯುವುದು, ಕೀಲಿಗಳ ಮೇಲೆ ಬೀಳುವ ಬೆರಳಿನ ಒತ್ತಡ, ಇವು ವರ್ಷಗಟ್ಟಲೆ ಮುಂದುವರಿದಾಗ ಬೆಸುಗೆ ಹೀಗೆ ಬಿರಿಯುತ್ತದೆ. ಚಿತ್ರದುರ್ಗದ ಏಳು ಸುತ್ತಿನ ಕೋಟೆಯ ಅಳಿವು ಉಳಿವು ಒಂದು ಕಿಂಡಿಯಲ್ಲಿ ನಿಂತಿತ್ತೆಂದು ಓಬವ್ವನ ಕಥೆ ಹೇಳುತ್ತದೆ. ಇಡೀ ಯಂತ್ರವನ್ನು ಗುಜರಿಯ ಬಾಗಿಲಿಗೆ ತಂದು ನಿಲ್ಲಿಸಿದ್ದದ್ದೂ ಈ ಕೂದಲೆಳೆಯ ಬಿರುಕೇ.

ತವರ ಮತ್ತು ಸೀಸಗಳ ಮಿಶ್ರಣವಾದ ಬೆಸುಗೆಲೋಹವು ಸುಮಾರು 190 ಡಿಗ್ರಿ ಸೆಲ್ಸಿಯಸ್ ಉಷ್ಣತೆಯೊಳಗೆ ಕರಗುತ್ತದೆ. ಬೆಸುಗೆ ಹಾಕಲು ಅನುಭವವಿರುವ ಹಿರಿಯರು ಕಾದ ಬೆಸುಗೆಕೋಲನ್ನು ಎರಡು ಮೂರು ಸೆಕೆಂಡುಗಳ ಕಾಲ ಆ ಬಿಂದುವಿಗೆ ಮುಟ್ಟಿಸಿ, ಒಳಗೆ ರಾಳವಿರುವ ಬೆಸುಗೆತಂತಿಯನ್ನು ತುಸುವೇ ಉಣಿಸಿದರೆ ಬಿರುಕು ಕೂಡಿಕೊಳ್ಳುತ್ತದೆ. ಹೆಚ್ಚು ಹೊತ್ತು ಕಾಯಿಸಿದರೆ ಫಲಕದ ತಾಮ್ರದ ಗೆರೆಯೇ ಎದ್ದುಬರುವ ಭಯವಿದೆ. ಹೊಗೆಯನ್ನು ಉಸಿರಿಗೆ ಎಳೆದುಕೊಳ್ಳಬಾರದು. ಸೀಸ ವಿಷವಸ್ತುವಾದ್ದರಿಂದ ಕೆಲಸ ಮುಗಿದೊಡನೆ ಕೈ ತೊಳೆಯಬೇಕು.

ಯಂತ್ರವನ್ನು ಮತ್ತೆ ಚಾಲೂ ಮಾಡಿ ಎಂಟು ಕೀಲಿಗಳನ್ನು ಒತ್ತಿ ನೋಡಿದರೆ ಏಳು ಕೀಲಿಗಳು ಓಗೊಡುತ್ತವೆ. ಆದರೆ ‘ಝಡ್’ ಇನ್ನೂ ಮೌನವಾಗಿದೆ! ನಮ್ಮ ತೀರ್ಮಾನ ತಪ್ಪಾಗಿತ್ತೇ? ಇಲ್ಲ. ಮೊದಲ ದೋಷದ ನೆರಳಿನಲ್ಲಿ ಎರಡನೆಯದೊಂದು ಅಡಗಿತ್ತು. ಕವಲುಗಾಲುವೆಯ ಒಡಕನ್ನು ಮುಚ್ಚಿದ ಮೇಲೂ ಒಂದು ಗದ್ದೆ ಒಣಗಿಯೇ ಇದ್ದರೆ, ಈಗ ಆ ಗದ್ದೆಯ ಬಾಯನ್ನು ನೋಡಬೇಕು.

ಒಂಟಿ ಕೀಲಿ ಮೌನವಾಗಿದ್ದಾಗ ಸಂಶಯವನ್ನು ಪರಿಹರಿಸುವ ಸರಳ ಪ್ರಯೋಗವೊಂದಿದೆ. ಯಂತ್ರ ಚಾಲೂ ಇರುವಾಗ, ವಿದ್ಯುತ್ ಪೂರೈಕೆಯ ಭಾಗದಿಂದ ದೂರವಾಗಿ, ಆ ಕೀಲಿಯ ಸ್ವಿಚ್ಚಿನ ಎರಡು ಬೆಸುಗೆಬಿಂದುಗಳನ್ನು ಒಂದು ತುಂಡು ತಂತಿಯಿಂದ ಕ್ಷಣಕಾಲ ಕೂಡಿಸಬೇಕು. ಬೇರೆ ಬಿಂದುಗಳಿಗೆ ತಗುಲಿದರೆ ಹಾನಿಯಾದೀತು. ಆದ್ದರಿಂದ ಈ ಪ್ರಯೋಗವನ್ನು ಉಪಾಧ್ಯಾಯರೇ ಮಾಡಿ ತೋರಿಸಬೇಕು. ಪರದೆಯ ಮೇಲೆ ಅಕ್ಷರ ಮೂಡಿದರೆ ಗೆರೆಗಳೆಲ್ಲ ಸರಿಯಿದ್ದು ಸ್ವಿಚ್ಚೇ ಕೆಟ್ಟಿದೆ. ಮೂಡದಿದ್ದರೆ ಸ್ವಿಚ್ಚನ್ನು ದೂರಿ ಫಲವಿಲ್ಲ. ನಮ್ಮ ಪ್ರಯೋಗದಲ್ಲಿ ‘ಝಡ್’ ಮೂಡಿತೆಂದರೆ ಅಪರಾಧಿ ಸ್ವಿಚ್ಚು ಎಂಬುದು ಖಚಿತವಾಯಿತು.

ಸ್ವಿಚ್ಚಿಗೆ ಏನಾಗಿರಬಹುದು? ಹಿತ್ತಾಳೆಯ ಪಾತ್ರೆಯನ್ನು ಬಳಸದೆ ಇಟ್ಟರೆ ಹೊಳಪು ಹೋಗಿ ಕಿಲುಬು ಕಟ್ಟುವುದನ್ನು ನೀವು ಬಲ್ಲಿರಿ. ಸ್ವಿಚ್ಚಿನ ಒಳಗಿನ ಲೋಹದ ತುದಿಗಳ ಮೇಲೂ ಕಾಲಕ್ರಮದಲ್ಲಿ ಗಾಳಿಯ ಅನಿಲಗಳ ಕ್ರಿಯೆಯಿಂದ ತೆಳುವಾದ ಪೊರೆ ಬೆಳೆಯುತ್ತದೆ. ಧೂಳಿನ ಕಣಗಳೂ ಬಂದು ಕೂರುತ್ತವೆ. ಲೋಹ ವಾಹಕ, ಈ ಪೊರೆ ಅವಾಹಕ. ತುದಿಗಳು ಒಂದನ್ನೊಂದು ಮುಟ್ಟಿದಂತೆ ಕಂಡರೂ ನಡುವೆ ಈ ಅಡ್ಡಗೋಡೆ ಇರುತ್ತದೆ. ಅಲ್ಪ ವೋಲ್ಟಿನ ವಿದ್ಯುತ್ತಿಗೆ ಅದನ್ನು ದಾಟುವ ಬಲವಿಲ್ಲ. ಬಳಸುತ್ತಿದ್ದ ಕೀಲಿಯಲ್ಲಿ ಉಜ್ಜಾಟದಿಂದ ಪೊರೆ ತಾನಾಗಿ ಸವೆಯುತ್ತದೆ. ಬಳಸದೆ ಬಿಟ್ಟ ಕೀಲಿಯಲ್ಲಿ ಬೆಳೆಯುತ್ತ ಹೋಗುತ್ತದೆ. ಯಂತ್ರಕ್ಕೆ ದುಡಿಮೆಗಿಂತ ಮೂಲೆಗೆ ಬೀಳುವುದೇ ಹೆಚ್ಚು ಹಾನಿಕರ ಎಂಬ ಮಾತಿನ ಅರ್ಥ ಇದೇ.

ಪರಿಹಾರವನ್ನು ಮೃದುವಾದ ಉಪಾಯದಿಂದ ಆರಂಭಿಸಬೇಕು. ಮೊದಲು ಮೆತ್ತನೆಯ ಕುಂಚದಿಂದ ಕೀಲಿಗಳ ನಡುವಿನ ಧೂಳನ್ನು ತೆಗೆಯುವುದು. ಅನಂತರ ಕೀಲಿಯನ್ನು ಐವತ್ತು ಅರುವತ್ತು ಸಲ ಒತ್ತುವುದು. ಎಷ್ಟೋ ಬಾರಿ ಇಷ್ಟರಿಂದಲೇ ಪೊರೆ ಹರಿದು ಅಕ್ಷರ ಮೂಡುತ್ತದೆ. ಫಲ ಸಿಗದಿದ್ದರೆ ಕೀಲಿಯ ಟೋಪಿಯನ್ನು ಎರಡೂ ಬದಿಯಿಂದ ಹಿಡಿದು ನೇರವಾಗಿ ಮೇಲಕ್ಕೆ ಎಳೆಯಬೇಕು. ಓರೆಯಾಗಿ ಮೀಟಿದರೆ ಹಳೆಯ ಪ್ಲಾಸ್ಟಿಕ್ಕು ಮುರಿಯುತ್ತದೆ. ವಿದ್ಯುತ್ತು ಇಲ್ಲದಿರುವಾಗ ಸ್ವಿಚ್ಚಿನೊಳಕ್ಕೆ ಐಸೊಪ್ರೊಪೈಲ್ ಆಲ್ಕೊಹಾಲಿನ ಒಂದೆರಡು ಹನಿಗಳನ್ನು ಬಿಟ್ಟು ಮತ್ತೆ ಮತ್ತೆ ಒತ್ತಿ, ಪೂರ್ತಿ ಆರುವವರೆಗೆ ಕಾಯಬೇಕು. ಈ ದ್ರವ ಬೇಗ ಹೊತ್ತಿಕೊಳ್ಳುವಂಥದು; ದೀಪ, ಬೆಂಕಿ, ಬೆಸುಗೆಕೋಲು ಹತ್ತಿರವಿರಬಾರದು. ಪೆಟ್ರೋಲು, ಉಗುರುಬಣ್ಣ ತೆಗೆಯುವ ಅಸಿಟೋನು ಮೊದಲಾದವು ಪ್ಲಾಸ್ಟಿಕ್ಕನ್ನು ಕೆಡಿಸುವುದರಿಂದ ಅವನ್ನು ಬಳಸಲಾಗದು. ಮಲ್ಟಿಮೀಟರಿನಿಂದ ಅಳೆದಾಗ, ಒತ್ತಿದ ಕೀಲಿಯ ರೋಧ ಹಿಂದೆ ಮುಂದೆ ಓಲಾಡದೆ ಸೊನ್ನೆಯ ಬಳಿ ನಿಂತರೆ ಸ್ವಿಚ್ಚು ಗುಣವಾಯಿತೆಂದು ತಿಳಿಯಬೇಕು. ಇದಾವುದಕ್ಕೂ ಬಗ್ಗದಿದ್ದರೆ ಮಾತ್ರ ಬೆಸುಗೆಯನ್ನು ಕರಗಿಸಿ ಸ್ವಿಚ್ಚನ್ನು ಬದಲಾಯಿಸುವುದು ಕೊನೆಯ ಉಪಾಯ.

ಎಲ್ಲ ಯಂತ್ರಗಳ ಕೀಲಿಮಣೆಯೂ ಒಂದೇ ಬಗೆಯಲ್ಲ. 1982ರಲ್ಲಿ ಇಂಗ್ಲೆಂಡಿನಲ್ಲಿ ಹೊರಬಂದ ಸ್ಪೆಕ್ಟ್ರಂ ಎಂಬ ಕಂಪ್ಯೂಟರಿನಲ್ಲಿ ನಲವತ್ತು ರಬ್ಬರಿನ ಕೀಲಿಗಳಿದ್ದವು. ಅವುಗಳ ಕೆಳಗಿದ್ದದ್ದು ಪ್ಲಾಸ್ಟಿಕ್ ಹಾಳೆಗಳ ಮೇಲೆ ಮುದ್ರಿಸಿದ ವಾಹಕ ಗೆರೆಗಳು. ಅದರ ಕೋಷ್ಟಕ ಎಂಟು ಮತ್ತು ಐದರದು. ಹಾಳೆಯ ಬಾಲದಂಥ ಎರಡು ಪಟ್ಟಿಗಳು ಮುಖ್ಯಫಲಕದ ಕಿಂಡಿಗಳಿಗೆ ಸಿಕ್ಕಿಕೊಳ್ಳುತ್ತವೆ. ವಯಸ್ಸಾದಂತೆ ಈ ಪಟ್ಟಿ ಒಣಗಿದ ಬಾಳೆಲೆಯಂತೆ ಬಿರುಸಾಗಿ, ಮಡಿಕೆಯಲ್ಲಿ ಸೀಳುತ್ತದೆ. ಆಗ ಒಟ್ಟಿಗೆ ಐದು ಅಥವಾ ಎಂಟು ಕೀಲಿಗಳು ಮೌನವಾಗುತ್ತವೆ. ಪ್ಲಾಸ್ಟಿಕ್ಕಿಗೆ ಬೆಸುಗೆ ಹಿಡಿಯದಾದ್ದರಿಂದ ಹೊಸ ಹಾಳೆಯನ್ನೇ ಹಾಕಬೇಕು. ಅದೇ ವರ್ಷ ಅಮೆರಿಕದಿಂದ ಬಂದ ಕಮೊಡೋರ್ 64ರಲ್ಲಿ ಹೆಚ್ಚಿನ ಕೀಲಿಗಳ ತಳದಲ್ಲಿ ಇಂಗಾಲ ಬೆರೆತ ರಬ್ಬರಿನ ಬಿಲ್ಲೆಯಿದ್ದು ಫಲಕದ ಬಿಂದುಗಳನ್ನು ಅದು ಕೂಡಿಸುತ್ತದೆ. ಅಲ್ಲಿ ಬಿಲ್ಲೆಯನ್ನೂ ಫಲಕವನ್ನೂ ಹಗುರವಾಗಿ ಒರೆಸಿದರೆ ಸಾಕು. ಉಜ್ಜಿದರೆ ಇಂಗಾಲದ ಪದರವೇ ಹೋಗುತ್ತದೆ. ಔಷಧ ಬೇರೆ ಬೇರೆಯಾದರೂ ರೋಗವನ್ನು ತಿಳಿಯುವ ದಾರಿ ಎಲ್ಲ ಕಡೆಗೂ ಒಂದೇ: ಮೌನವಾದವು ಯಾವುವು, ಅವುಗಳಿಗೆ ಸಾಮಾನ್ಯವಾದದ್ದು ಯಾವುದು?

ಇಂದು ನಾವು ಕನ್ನಡವನ್ನು ಬೆರಳಚ್ಚಿಸುವ ಕೀಲಿಮಣೆಗಳ ಒಳಗೂ ಇಂಥ ಅಡ್ಡಸಾಲು ಕಂಬಸಾಲುಗಳ ಜಾಲವೇ ಇದೆ. ಹಳೆಯ ಯಂತ್ರದಲ್ಲಿ ಕಲಿತ ಪಾಠ ಹೊಸ ಯಂತ್ರಕ್ಕೂ ಸಲ್ಲುತ್ತದೆ. ಆದರೆ ಈ ಪಾಠದ ಫಲ ಕೀಲಿಮಣೆಗೆ ಮಾತ್ರ ಸೀಮಿತವಾದುದಲ್ಲ. ಕೆಟ್ಟದ್ದನ್ನು ಕಂಡೊಡನೆ ಎಸೆಯುವುದು ಸುಲಭ. ಕಾರಣವನ್ನು ಅರಿಯದೆ ತಿರುಪುಳಿ ಹಿಡಿದು ಹೊರಡುವುದು ಇನ್ನೂ ಸುಲಭ. ಮೊದಲನೆಯದರಲ್ಲಿ ವಸ್ತು ಹಾಳಾಗುತ್ತದೆ. ಎರಡನೆಯದರಲ್ಲಿ ವಸ್ತುವಿನೊಡನೆ ಅದು ಏಕೆ ಕೆಟ್ಟಿತೆಂಬ ಸಾಕ್ಷ್ಯವೂ ಅಳಿಸಿಹೋಗುತ್ತದೆ. ಮೊದಲು ನೋಡುವುದು, ನೋಡಿದ್ದನ್ನು ಬರೆಯುವುದು, ಊಹೆಯನ್ನು ಪ್ರಶ್ನಿಸುವುದು, ಒಮ್ಮೆಗೆ ಒಂದನ್ನೇ ಬದಲಾಯಿಸುವುದು, ಹಿಂದಿರುಗಿ ಬರಲಾಗದ ಹೆಜ್ಜೆಯನ್ನು ಕೊನೆಗೆ ಇಡುವುದು – ಇದು ವೈದ್ಯನ ಧರ್ಮ, ನೀರುಗಂಟಿಯ ಧರ್ಮ, ವಿಜ್ಞಾನದ ವಿದ್ಯಾರ್ಥಿಯ ಧರ್ಮ.

ಜೋಗಿಮಟ್ಟಿಯ ಗಾಳಿ ನಾಳೆಯೂ ಬೀಸುತ್ತದೆ, ಧೂಳನ್ನೂ ತರುತ್ತದೆ. ಅದನ್ನು ನಿಲ್ಲಿಸುವುದು ನಮ್ಮ ಕೈಯಲ್ಲಿಲ್ಲ. ಧೂಳು ಮುಚ್ಚಿದ ಕೀಲಿಯೊಂದನ್ನು ಸತ್ತಿತೆಂದು ಬಗೆಯದೆ, “ನಿನ್ನ ಮಾತು ಎಲ್ಲಿ ನಿಂತಿತು?” ಎಂದು ತಾಳ್ಮೆಯಿಂದ ಕೇಳುವುದು ಮಾತ್ರ ನಮ್ಮ ಕೈಯಲ್ಲಿಯೇ ಇದೆ.

ಪದಗಳ ಅರ್ಥ

ಗುಜರಿ – ಹಳೆಯ ಸಾಮಾನುಗಳ ವ್ಯಾಪಾರ. ಸಂಧಿ – ಕೂಡುವ ಸ್ಥಳ. ಸಂಸ್ಕಾರಕ – ಕಂಪ್ಯೂಟರಿನಲ್ಲಿ ಲೆಕ್ಕವನ್ನೂ ನಿರ್ಣಯವನ್ನೂ ಮಾಡುವ ಭಾಗ. ನೀರುಗಂಟಿ – ಕೆರೆಯ ನೀರನ್ನು ಗದ್ದೆಗಳಿಗೆ ಹಂಚುವವನು. ತೂಬು – ಕೆರೆಯಿಂದ ನೀರನ್ನು ಹೊರಬಿಡುವ ದ್ವಾರ. ಕಿಲುಬು – ಲೋಹದ ಮೇಲೆ ಕಟ್ಟುವ ಮಲಿನ ಪದರ. ಅವಾಹಕ – ವಿದ್ಯುತ್ತನ್ನು ಹರಿಯಗೊಡದ ವಸ್ತು.

ಅಭ್ಯಾಸ

ಅ. ಒಂದೊಂದು ವಾಕ್ಯದಲ್ಲಿ ಉತ್ತರಿಸಿರಿ.
1. ಬಿಬಿಸಿ ಮೈಕ್ರೊ ಯಂತ್ರವನ್ನು ರೂಪಿಸಿದ ಸಂಸ್ಥೆ ಯಾವುದು?
2. ಭಾರತ ಸರ್ಕಾರದ ‘ಕ್ಲಾಸ್’ ಯೋಜನೆಯ ಉದ್ದೇಶವೇನು?
3. ಕೀಲಿಮಣೆಯನ್ನು ಕಂಬಳಿಯ ಮೇಲಿಟ್ಟು ಬಿಚ್ಚಬಾರದೇಕೆ?

ಆ. ನಾಲ್ಕೈದು ವಾಕ್ಯಗಳಲ್ಲಿ ಉತ್ತರಿಸಿರಿ.
1. ಹದಿನೆಂಟು ಗೆರೆಗಳಿಂದ ಎಂಬತ್ತು ಸಂಧಿಗಳನ್ನು ಗುರುತಿಸುವುದು ಹೇಗೆ ಸಾಧ್ಯ?
2. ಎಡಭಾಗದ ಕೀಲಿಗಳು ಚಹಾ ಚೆಲ್ಲಿದ್ದರಿಂದ ಕೆಟ್ಟಿಲ್ಲವೆಂದು ಹೇಗೆ ತಿಳಿಯಿತು?
3. ಬಳಸುತ್ತಿರುವ ಕೀಲಿಗಿಂತ ಬಳಸದೆ ಬಿಟ್ಟ ಕೀಲಿ ಬೇಗ ಮೌನವಾಗುವುದೇಕೆ?

ಇ. ಯೋಚಿಸಿ ಉತ್ತರಿಸಿರಿ.
1. ಸ್ಪೆಕ್ಟ್ರಂ ಯಂತ್ರದಲ್ಲಿ ಎಂಟು ತಂತಿಗಳ ಪಟ್ಟಿಯ ಒಂದು ಗೆರೆ ಕಡಿದರೆ ಎಷ್ಟು ಕೀಲಿಗಳು ಮೌನವಾಗುತ್ತವೆ? ಐದು ತಂತಿಗಳ ಪಟ್ಟಿಯಲ್ಲಾದರೆ ಎಷ್ಟು? ಕಾರಣ ಕೊಡಿರಿ.
2. ಬಿಬಿಸಿ ಮೈಕ್ರೊದಲ್ಲಿ ‘ಎ’, ‘ಎಕ್ಸ್’, ‘ಎಫ್’, ‘ಜೆ’, ‘ಕೆ’ ಮತ್ತು ‘ರಿಟರ್ನ್’ ಕೀಲಿಗಳು ಒಟ್ಟಿಗೆ ಮೌನವಾಗಿವೆ. ‘ಎಸ್’ ಕೆಲಸ ಮಾಡುತ್ತಿದೆ. ದೋಷ ಎಲ್ಲಿರಬಹುದು?
3. ನಿಮ್ಮ ಮನೆಯಲ್ಲಿ ಕೆಟ್ಟುಹೋದ ಒಂದು ವಸ್ತುವನ್ನು ನೆನೆದು, ಅದರ ದೋಷವನ್ನು ಹುಡುಕಲು ಯಾವ ಕ್ರಮದಲ್ಲಿ ಪ್ರಶ್ನೆಗಳನ್ನು ಕೇಳುವಿರೆಂಬುದನ್ನು ಬರೆಯಿರಿ.